ಮೂರು ಕಣ್ಣಿನ ಒಲೆ

ಬೆಳಗಿನ ಐದು ಗಂಟೆ ನಲವತ್ತು ನಿಮಿಷ. ನಾನು ಹಿತ್ತಲಿನಲ್ಲಿ ಕೂತು, ಹತ್ತಿಯ ಅಂಗಡಿಯಿಂದ ಕೇಳಿ ತಂದ ತಕ್ಕಡಿಯಲ್ಲಿ, ಹಿಂದಿನ ದಿನ ಒಲೆಗೆ ಹೋಗಿ ಉಳಿದ ಜಾಲಿ ಕಟ್ಟಿಗೆಯನ್ನು ತೂಗುತ್ತಿದ್ದೆ. ಮುಳ್ಳು ಅಲ್ಲಾಡಿತು, ನಿಂತಿತು. ನಿಲ್ಲಬಾರದ ಕಡೆ ನಿಂತಿತು. ಲೆಕ್ಕ ಹಾಕಿದೆ. ದಿನಕ್ಕೆ ಎಂಟು ಕಿಲೋ ಸುಡುತ್ತಿದ್ದ ನನ್ನ ಮನೆ, ಕಟ್ಟಿಗೆ ಉಳಿಸುವ ಸರಕಾರಿ ಒಲೆ ಬಂದ ಮೇಲೆ ಹತ್ತೊಂಬತ್ತು ಕಿಲೋ ಸುಡುತ್ತಿತ್ತು. ಅದೇ ದಿನ ಮಧ್ಯಾಹ್ನ ಈ ಅಂಕಿಯನ್ನು ನೋಡಲೆಂದೇ ಬೆಂಗಳೂರಿನಿಂದ ಸಾಹೇಬರು ಬರುವವರಿದ್ದರು.

ನಾನು ಇಳಕಲ್ಲಿನಲ್ಲಿ ಹೈಸ್ಕೂಲಿನ ವಿಜ್ಞಾನ ಮಾಸ್ತರ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಓದಿ ಬಿ.ಎಸ್ಸಿ. ಆದವನು. ದಶಾಂಶ ಚುಕ್ಕೆಯ ಮುಂದೆ ಎರಡು ಸ್ಥಾನ ಬರೆಯದೆ ಊಟಕ್ಕೆ ಕೂಡುವವನಲ್ಲ (ಎಂದು ನನ್ನ ಹೆಂಡತಿ ಗುರುಲಿಂಗವ್ವ ತವರಿನಲ್ಲಿ ಹೇಳಿಕೊಂಡು ಬಂದಿದ್ದಾಳೆ). ಎಂಬತ್ನಾಲ್ಕನೇ ಇಸವಿಯಲ್ಲಿ ಹೊಗೆಯಿಲ್ಲದ ಒಲೆಯ ಯೋಜನೆ ನಮ್ಮ ಓಣಿಯವರೆಗೂ ಬಂತು. ತತ್ವ ಸರಳವಾಗಿತ್ತು: ಒಲೆಯಲ್ಲಿ ಕಟ್ಟಿಗೆ ಕಡಿಮೆ ಉರಿದರೆ ಗುಡ್ಡದ ಮೇಲೆ ಗಿಡ ಉಳಿಯುತ್ತವೆ. ನಮ್ಮ ಸುತ್ತಲಿನ ಗುಡ್ಡಗಳಲ್ಲಿ ಉಳಿಯುವುದಕ್ಕೆ ಏನೂ ಉಳಿದಿರಲಿಲ್ಲ. ಆದರೂ ತತ್ವ ತತ್ವವೇ. ಮೊದಲು ಒಂದು ಮನೆಯಲ್ಲಿ ಒಲೆ ಕಟ್ಟುವುದು. ಕೆಲವು ತಿಂಗಳು ಬಿಟ್ಟು ತೂಗಿ ನೋಡುವುದು. ಉಳಿತಾಯ ಕಂಡರೆ ಓಣಿಯ ನಲವತ್ತು ಮನೆಗೂ ಪುಕ್ಕಟೆ ಒಲೆ. ಕಾಣದಿದ್ದರೆ ಯೋಜನೆ ಬೇರೆ ಊರಿಗೆ.

ಆ ಒಂದು ಮನೆ ನನ್ನದಾಗಲಿ ಎಂದು ನಾನೇ ಮುಂದೆ ಹೋದೆ. ಕಾರಣ ಗುಡ್ಡವಲ್ಲ, ಕೆಮ್ಮು. ನಮ್ಮ ಅವ್ವನ ಕೆಮ್ಮು ಅಡುಗೆಮನೆಯಿಂದ, ಪಕ್ಕದ ಮನೆಯ ರಂಜಾನಬಿಯ ಕೆಮ್ಮು ಗೋಡೆಯಾಚೆಯಿಂದ, ಸರದಿ ಹಚ್ಚಿದಂತೆ ಬರುತ್ತಿದ್ದವು. ರಂಜಾನಬಿ ನೇಕಾರ ಹುಸೇನಪೀರನ ಹೆಂಡತಿ. ಮಗ್ಗದ ನೂಲಿಗೆ ಹಚ್ಚುವ ಗಂಜಿಯನ್ನು ದಿನವೂ ಹೊಗೆಯಲ್ಲಿ ಕೂತು ಕುದಿಸಬೇಕಾದವಳು.

ಯೋಜನೆಯ ಕೆಲಸಗಾರ ಅಂದಾನಪ್ಪ ಬಂದು ಮಣ್ಣು ಕಲಸಿ ಒಲೆ ಕಟ್ಟಿದ. ಒಂದೇ ಬಾಯಿ, ಪಾತ್ರೆ ಇಡಲು ಸಾಲಾಗಿ ಮೂರು ಕಣ್ಣು, ಹಿಂದೆ ಮಾಳಿಗೆ ದಾಟುವ ಹೊಗೆ ಕೊಳವೆ. ಹೋಗುವಾಗ ಒಂದು ನಿಯಮ ಹೇಳಿ ಹೋದ: ಉರಿ ಇರುವಷ್ಟು ಹೊತ್ತು ಮೂರೂ ಕಣ್ಣಿನ ಮೇಲೆ ಪಾತ್ರೆ ಇರಬೇಕು, ಒಂದು ತೆರೆದಿದ್ದರೂ ಹೊಗೆ ಅಲ್ಲಿಂದ ಒಳಗೆ ಬರುತ್ತದೆ. ನಾನು ಇದನ್ನು ಗುರುಲಿಂಗವ್ವಗೆ ವಾಯುವಿನ ಒತ್ತಡ ಸಮೇತ ವಿವರಿಸಿದೆ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದೆ, ಬಾಣದ ಗುರುತು ಹಾಕಿದೆ. ಅವ್ವ ಚಿತ್ರ ನೋಡದೆಯೇ ಒಪ್ಪಿದಳು.

"ಉರಿಯೋ ಒಲಿ ಬರಿದ ಇಡಬಾರದು ತಮ್ಮಾ. ಮನಿಗೆ ಛಲೋ ಅಲ್ಲ."

ವಿಜ್ಞಾನವೂ ಅವ್ವನೂ ಒಂದೇ ಮಾತು ಹೇಳಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಆಗಲೇ ನಾನು ಎಚ್ಚರಾಗಬೇಕಿತ್ತು.

ಮೊದಲ ಕಣ್ಣಿನ ಮೇಲೆ ರೊಟ್ಟಿಯ ಹಂಚು, ಎರಡನೆಯದರ ಮೇಲೆ ಬೇಳೆ, ಮೂರನೆಯದರ ಮೇಲೆ ಸ್ನಾನದ ನೀರು. ಬೇಳೆ ಬೆಂದು ಇಳಿಯುವ ಹೊತ್ತಿಗೆ ರೊಟ್ಟಿ ಅರ್ಧ ಆಗಿರುತ್ತಿತ್ತು. ಎರಡನೇ ಕಣ್ಣು ತೆರೆಯಿತು. ಏನಾದರೂ ಇಡಬೇಕಲ್ಲ? ಗುರುಲಿಂಗವ್ವ ಗೋಡೆಯ ಮೇಲಿನಿಂದ ರಂಜಾನಬಿಯನ್ನು ಕರೆದು ಗಂಜಿಯ ಗಡಿಗೆ ಇಡಿಸಿಕೊಂಡಳು. ನೀರು ಕಾಯ್ದು ಇಳಿಯಿತು. ಎದುರುಮನೆ ಹನಮವ್ವನ ಹುರುಳಿ ಮೂರನೇ ಕಣ್ಣಿಗೆ ಬಂತು. ಅಷ್ಟರಲ್ಲಿ ನಮ್ಮ ರೊಟ್ಟಿ ಮುಗಿದವು. ಆದರೆ ಗಂಜಿ ಕುದಿಯಬೇಕಿತ್ತು, ಹುರುಳಿ ಬೇಯಬೇಕಿತ್ತು, ಮೊದಲ ಕಣ್ಣು ಖಾಲಿ ಬಿದ್ದಿತ್ತು. ಮೂಲೆಮನೆಯಲ್ಲಿ ಹುಲ್ಲಪ್ಪನ ಸೊಸೆ ಹಡೆದಿದ್ದಳು; ಬಾಣಂತಿಯ ನೀರಿನ ಹಂಡೆ ಬಂತು. ಹಂಡೆ ಕಾಯುವಷ್ಟರಲ್ಲಿ ಗಂಜಿ ಇಳಿಯಿತು. ಎರಡನೇ ಕಣ್ಣು ತೆರೆಯಿತು.

ಓದುಗರು ಗಣಿತ ಬಲ್ಲವರಾದರೆ ಇಷ್ಟಕ್ಕೇ ತಿಳಿದಿರುತ್ತದೆ. ಮೂರೂ ಪಾತ್ರೆಗಳು ಒಮ್ಮೆಲೇ ಇಳಿದರೆ ಮಾತ್ರ ಒಲೆ ಆರಿಸಬಹುದು. ಅವು ಒಮ್ಮೆಲೇ ಇಳಿಯುವುದಿಲ್ಲ. ನಮ್ಮ ಒಲೆ ಆರುವುದನ್ನೇ ಬಿಟ್ಟಿತು. ಆ ಮನೆಗಳ ಒಲೆಗಳು ಹೊತ್ತುವುದನ್ನೇ ಬಿಟ್ಟವು.

ಪಾತ್ರೆಯ ಬದಲು ಕಲ್ಲಿನ ಮುಚ್ಚಳ ಮಾಡಿಸೋಣ ಎಂದು ನಾನು ಹೇಳಿದೆ. ಗುರುಲಿಂಗವ್ವ ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟುಕೊಂಡಳು.

"ಕಲ್ಲು ಕಾಸೂದಕ್ಕ ಕಟಗಿ ಸುಡ್ತೀರೇನ್ರಿ? ಅದರ ಬದಲಿ ಬಾಣಂತಿಗೆ ನೀರರ ಕಾಯಲಿ. ವೇಸ್ಟ್ ಮಾಡಬಾರದು ಅಂತ ಹೇಳಿದವ್ರು ಯಾರು, ನಾನೋ ನೀವೋ?"

ಹೇಳಿದವನು ನಾನು. ಗಡಿಗೆ ತರುವವರು ಕಟ್ಟಿಗೆಯನ್ನಾದರೂ ತರಲಿ ಎಂದರೆ, ನೆರೆಯವರ ಮುಂದೆ ಕಟ್ಟಿಗೆಗೆ ಕೈಚಾಚಿ ತವರಿನ ಮರ್ಯಾದೆ ಕಳೆಯಲಾರೆ ಎಂದಳು. (ಕಟ್ಟಿಗೆ ತರುವವನಿಗೆ ತವರು ಇರುವುದಿಲ್ಲ.) ಹೆಚ್ಚಿಗೆ ಜಗಳಾಡುವ ಹಾಗೂ ಇರಲಿಲ್ಲ. ಅವ್ವನ ಕೆಮ್ಮು ನಿಂತಿತ್ತು. ಗಂಜಿ ನಮ್ಮಲ್ಲಿ ಕುದಿಯತೊಡಗಿದ ಮೇಲೆ ಗೋಡೆಯಾಚೆಯ ಕೆಮ್ಮೂ ಅರ್ಧಕ್ಕಿಳಿದಿತ್ತು. ಕಟ್ಟಿಗೆಯ ಲೆಕ್ಕವೊಂದೇ ಕೆಟ್ಟದ್ದು.

ಸಾಹೇಬರು ಬರುವ ದಿನ ಒಂದೇ ಒಂದು ಹೊತ್ತು ಪರರ ಗಡಿಗೆ ಬೇಡ ಎಂದು ಬೇಡಿಕೊಂಡೆ. ಗುರುಲಿಂಗವ್ವ ಆಗಲಿ ಎಂದಳು. ಮಧ್ಯಾಹ್ನ ಸಾಹೇಬರನ್ನು ಕರೆದುಕೊಂಡು ಅಡುಗೆಮನೆಗೆ ಹೋದಾಗ ಮೂರು ಕಣ್ಣುಗಳ ಮೇಲೆ ಗಂಜಿ, ಹುರುಳಿ, ಹಂಡೆ ಕೂತಿದ್ದವು. ಬಾಗಿಲಲ್ಲಿ ಅವುಗಳ ಒಡತಿಯರು ನಿಂತಿದ್ದರು. ಒಲೆಯ ಪರವಾಗಿ ಸಾಕ್ಷಿ ಹೇಳಲು ಅವರಾಗಿಯೇ ಬಂದಿದ್ದರಂತೆ. ಬರುವಾಗ ಬರಿಗೈಯಲ್ಲಿ ಬರುವುದು ಹೇಗೆ ಎಂದು ಗಡಿಗೆಗಳನ್ನೂ ತಂದಿದ್ದರಂತೆ.

ಸಾಹೇಬರು ಮೈಸೂರು ಕಡೆಯವರು, ದಣಿದ ಮನುಷ್ಯ. ಹುನಗುಂದದಿಂದ ಜೀಪಿನಲ್ಲಿ ಧೂಳು ಕುಡಿದು ಬಂದಿದ್ದರು. ತೂಕ ಕೇಳಿದರು. ಸುಳ್ಳು ಅಂಕಿ ನನ್ನ ಬಾಯಲ್ಲಿ ಬರುವುದಿಲ್ಲ, ಹೇಳಿದೆ. ಅವರು ಪೆನ್ನಿಗೆ ಟೊಪ್ಪಿಗೆ ಹಾಕಿದರು.

"ಮೇಷ್ಟ್ರೇ, ಎಂಟು ಇದ್ದದ್ದು ಹತ್ತೊಂಬತ್ತು ಆಗಿದೆ. ನಲವತ್ತು ಮನೆಗೆ ಇಂಥ ಒಲೆ ಕೊಟ್ಟರೆ ಈ ತಾಲ್ಲೂಕಲ್ಲಿ ಜಾಲಿಮುಳ್ಳೂ ಉಳಿಯಲ್ಲ."

ನಾನು ಸೀಮೆಸುಣ್ಣ ಹಿಡಿದೆ. ಮೊದಲು ಐದು ಜನಕ್ಕೆ ಎಂಟು ಕಿಲೋ, ತಲೆಗೆ ಒಂದು ಪಾಯಿಂಟ್ ಆರು. ಈಗ ನಾಲ್ಕು ಮನೆಯ ಒಲೆ ಇದೊಂದೇ: ನಮ್ಮವರು ಐದು, ಹುಸೇನಪೀರನ ಮನೆಯವರು ಏಳು, ಹನಮವ್ವನವರು ಆರು, ಹುಲ್ಲಪ್ಪನವರು ಕೂಸು ಸೇರಿ ಐದು. ತಲೆಗೆ ಸೊನ್ನೆ ಪಾಯಿಂಟ್ ಎಂಟು ಮೂರು. ಹೆಚ್ಚುಕಡಿಮೆ ಅರ್ಧಕ್ಕರ್ಧ ಉಳಿತಾಯ. ಸಾಹೇಬರು ಗೋಡೆಯನ್ನು ಬಹಳ ಹೊತ್ತು ನೋಡಿದರು. ಲೆಕ್ಕ ಸರಿ, ಆದರೆ ಸರಕಾರ ಕೇಳುವುದು ಕುಟುಂಬದ ಲೆಕ್ಕವನ್ನು, ನೆರೆಹೊರೆಗೆ ಅದರಲ್ಲಿ ಜಾಗವಿಲ್ಲ ಎಂದರು.

ಬಾಗಿಲಲ್ಲಿ ರಂಜಾನಬಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮು ನುಂಗುತ್ತಿದ್ದಳು. ಸಾಹೇಬರ ಮುಂದೆ ಕೆಮ್ಮಿದರೆ ಒಲೆಯ ಹೆಸರು ಕೆಡುತ್ತದೆ ಎಂದು ಅವಳ ಎಣಿಕೆ ಇರಬೇಕು. ಸಾಹೇಬರೂ ಅದನ್ನು ನೋಡಿದರು. ಪೆನ್ನಿನ ಟೊಪ್ಪಿಗೆ ತೆಗೆದರು.

"ಮೇಷ್ಟ್ರೇ," ಎಂದರು ನಿಧಾನವಾಗಿ, "ಈ ಒಲೆ ಮೇಲೆ ಉಣ್ಣೋ ನಿಮ್ಮ ಕುಟುಂಬದಲ್ಲಿ ಒಟ್ಟು ಎಷ್ಟು ಜನ?"

"ಇಪ್ಪತ್ಮೂರು," ಎಂದೆ ಗಟ್ಟಿಯಾಗಿ.

ಮಂಜೂರಾತಿ ಬಂತು. ಅಂದಾನಪ್ಪ ಓಣಿಯ ಆ ತುದಿಯಿಂದ ಒಲೆ ಕಟ್ಟುತ್ತ ಹೊರಟ. ಅವನು ರಂಜಾನಬಿಯ ಅಡುಗೆಮನೆಯಲ್ಲಿ ಮಣ್ಣು ಕಲಸುತ್ತಿದ್ದ ದಿನ, ನಮ್ಮ ಮನೆಯ ಮುಂದೆ ಜೀಪು ನಿಂತಿತು. ಈ ಸಲ ಇಳಿದವರು ಕುಟುಂಬ ಯೋಜನೆಯ ಸಿಸ್ಟರು. ತಾಲೂಕಿನ ಸಭೆಯಲ್ಲಿ ಒಲೆಯ ಇಲಾಖೆಯವರು ನನ್ನ ಮನೆಯ ಯಶೋಗಾಥೆ ಓದಿದರಂತೆ. ಪಕ್ಕದ ಕುರ್ಚಿಯಲ್ಲಿದ್ದ ಆರೋಗ್ಯದವರು ಬೆಚ್ಚಿಬಿದ್ದರಂತೆ.

ಸಿಸ್ಟರು ಸಭ್ಯರು. ನಮ್ಮ ಮನೆಯ ಚಹಾ ಕುಡಿದರು, ಆಮೇಲೆ ಬೆರಳು ಮಡಚಿದರು.

"ನೀವು, ನಿಮ್ಮ ಮನಿಯವ್ರು, ನಿಮ್ಮ ತಾಯಿ. ಈ ಮೂವರನ್ನ ಬಿಟ್ರ ಉಳದವ್ರು ಇಪ್ಪತ್ತು ಮಂದಿ. ಮಾಸ್ತರ್ರ, ಕಲತವರು ನೀವ ಹಿಂಗ ಮಾಡಿದ್ರ ಹೆಂಗ್ರಿ? ಗಂಡಸರ ಆಪರೇಷನ್ನಿಗೆ ಭಾಳ ಹೊತ್ತು ಹಿಡಿಯೂದಿಲ್ಲ. ಬರ್ರಿ, ದವಾಖಾನಿಗೆ ಹೋಗಿ ಬರೋಣು."

ನನಗೆ ಇಬ್ಬರೇ ಮಕ್ಕಳು ಎಂದೆ. ಹಾಗಾದರೆ ಒಲೆಯವರಿಗೆ ಹೇಳಿದ ಸಂಖ್ಯೆ ಸುಳ್ಳೇ, ಸುಳ್ಳಾದರೆ ಇವತ್ತೇ ಅವರಿಗೆ ತಿಳಿಸುತ್ತೇನೆ, ಕೆಲಸ ಅಲ್ಲಿಗೇ ನಿಲ್ಲಿಸಲಿ ಎಂದರು. ಗೋಡೆಯಾಚೆ ಅಂದಾನಪ್ಪ ರಂಜಾನಬಿಗೆ ಕೊಳವೆ ಎಲ್ಲಿ ಕೂಡಬೇಕೆಂದು ಕೇಳುತ್ತಿದ್ದ. ನಾನು ಗುರುಲಿಂಗವ್ವನ ಮುಖ ನೋಡಿದೆ. ಅವಳು ಆಗಲೇ ನನ್ನ ತೊಳೆದ ಧೋತರ ಹುಡುಕುತ್ತಿದ್ದಳು.

"ಆಗಲಿ ಬಿಡ್ರಿ," ಎಂದಳು. "ಹಡೆಯೂ ಬ್ಯಾನಿ ಇಲ್ದ ನನ್ನ ಇಪ್ಪತ್ತು ಮಕ್ಕಳ ತಾಯಿ ಮಾಡೀರಿ. ಇನ್ನ ಸಾಕು."

ಸಿಸ್ಟರು ಎದ್ದು ನಿಂತು ಕೊನೆಯದಾಗಿ ಕೇಳಿದರು. ಸಾಹೇಬರ ಮುಂದೆ ನಾನು ಎಷ್ಟು ಅಂದಿದ್ದೆ, ಖರೆ ಹೇಳಬೇಕು.

ಗೋಡೆಯಾಚೆ ಕರಣಿಯ ಸಪ್ಪಳ ನಿಂತಿತು. ಅಲ್ಲಿಯೂ ಕೇಳಿಸಿಕೊಳ್ಳುತ್ತಿದ್ದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೇಳಿದೆ:

"ಇಪ್ಪತ್ಮೂರು."