ಹುಳಕ್ಕೆ ಜ್ವರ ಬಂದ ದಿನ

೧

ರೇಷ್ಮೆಗೂಡಿನ ಮೂಟೆ ಇಟ್ಟುಕೊಂಡು ಹನೂರಿನಲ್ಲಿ ಬಸ್ಸು ಹತ್ತಿದೆ. ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಗೆ ಹೋಗಬೇಕಿತ್ತು. ಸೊಪ್ಪು ಹಾಕಿ, ಹಣ್ಣಾದ ಹುಳ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ, ಹದಿನೈದು ದಿನದಿಂದ ಮನೆಯಲ್ಲಿ ಯಾರೂ ನೆಟ್ಟಗೆ ಮಲಗಿರಲಿಲ್ಲ.

ಕಂಡಕ್ಟರ್ ಭುಜ ಅಲ್ಲಾಡಿಸಿದ. ಯಳಂದೂರು ಬಂದಿತ್ತು. ಇಳಿದು ವಾಪಸ್ ಬಸ್ಸು ಹಿಡಿದೆ. ಅದರ ಕಂಡಕ್ಟರೂ ಭುಜ ಅಲ್ಲಾಡಿಸಿದ. ಹನೂರು.

ಮೂಟೆ ನೋಡಿ ಹೆಂಡತಿ ಕೇಳಿದಳು, "ಯಾಕ, ಇವತ್ತು ಮಾರ್ಕೆಟ್ ಇಲ್ವಾ?"

ಇದೆ, ಎರಡು ಸಲ ದಾಟಿ ಬಂದೆ ಅಂದೆ.

೨

ಹುಳ ಬೆಳೆಯುವಾಗ ನಾಲ್ಕು ಸಲ ತಿನ್ನುವುದು ಬಿಟ್ಟು ಮಲಗುತ್ತದೆ, ಪೊರೆ ಬಿಡುತ್ತದೆ. ಅದಕ್ಕೆ ಜ್ವರ ಅನ್ನುತ್ತೇವೆ. ಸಾಕುವವರಿಗೆ ನಿದ್ದೆ ಅವತ್ತು ಮಾತ್ರ. ಕೊನೇ ಜ್ವರ ಎದ್ದ ಮೇಲೆ ಅದರ ಬಾಯಿಗೆ ಬಿಡುವಿಲ್ಲ, ನಮ್ಮ ಕೈಗೂ ಇಲ್ಲ.

ಅಂಥ ಬಿಡುವಿಲ್ಲದ ದಿನವೇ ಮಗಳನ್ನು ನೋಡಲು ಕೊಳ್ಳೇಗಾಲದವರು ಬಂದರು. ಹುಡುಗನ ಅಪ್ಪ ಮಾತುಗಾರ. ಮಗನ ಓದು, ಅಂಗಡಿ, ಗುಣ ಎಲ್ಲ ಹೇಳಿ, ನಿಮ್ಮ ಅಭಿಪ್ರಾಯ ಏನು ಅಂದರಂತೆ. ನಾನು ಗೊರಕೆ ಹೊಡೆದೆನಂತೆ. ಟೀ ಮುಟ್ಟದೆ ಎದ್ದು ಹೋದರು.

ಮಗಳು ಮೂರು ದಿನ ಮಾತಾಡಲಿಲ್ಲ. ಹೆಂಡತಿ ಮಾತಾಡಿದಳು. "ಇನ್ನೊಂದು ಸಂಬಂಧ ಹಿಂಗೇ ಹೋದ್ರ, ನೀವು ಹುಳಿನ ಮನೇಲೇ ಮನಿಕಳಿ."

ಅಲ್ಲಿ ಜಾಗ ಇರಲಿಲ್ಲ.

೩

ಅಗರದಿಂದ ಸಂಬಂಧ ಬಂತು. ಅವರೂ ಹುಳ ಸಾಕುವವರು. ಈ ಸಲ ಹೆಂಡತಿ ಪಂಚಾಂಗ ನೋಡಲಿಲ್ಲ, ಹುಳದ ತಟ್ಟೆ ನೋಡಿ ದಿನ ಗೊತ್ತು ಮಾಡಿದಳು. ಜ್ವರದ ದಿನ ಬಂದರೆ ಸೊಪ್ಪಿನ ಕೆಲಸ ಇರುವುದಿಲ್ಲ, ಎಲ್ಲರೂ ಎಚ್ಚರವಾಗಿ ಕೂತು ಮಾತಾಡಬಹುದು ಎಂಬುದು ಅವಳ ಯೋಚನೆ. ಬಂದ ಕೂಡಲೇ ಕೂಗಲು ನನ್ನನ್ನು ಜಗಲಿ ಮೇಲೆ ಕೂರಿಸಿದಳು.

ಕೂತದ್ದು ನೆನಪಿದೆ.

ಕಣ್ಣು ಬಿಟ್ಟಾಗ ಬಿಸಿಲು ಇಳಿದಿತ್ತು. ಪಕ್ಕದಲ್ಲಿ ಬಿಳಿ ಪಂಚೆಯವರೊಬ್ಬರು ಮಲಗಿದ್ದರು. ಹುಡುಗನ ಅಪ್ಪ. ನನ್ನನ್ನು ಎಬ್ಬಿಸಲು ಮನಸ್ಸು ಬಾರದೆ ಕೂತಿರಬೇಕು, ಕೂತಲ್ಲೇ ಒರಗಿದ್ದರು. ಒಳಗೆ ಹುಡುಗನ ತಾಯಿ ಚಾಪೆ ಮೇಲೆ, ನನ್ನ ಹೆಂಡತಿ ಒಲೆ ಮುಂದೆ. ಎರಡೂ ಮನೆಯವರು ಒಂದೇ ದಿನ, ಒಂದೇ ಕಡೆ ಮರಿಹುಳ ತಂದಿದ್ದೆವು. ನಮ್ಮ ಹುಳಕ್ಕೆ ಜ್ವರ ಎಂದರೆ ಅವರ ಹುಳಕ್ಕೂ ಜ್ವರ. ಇದು ಹೆಂಡತಿಗೆ ಹೊಳೆದಿರಲಿಲ್ಲ.

ಹುಡುಗ ಕಾಣಲಿಲ್ಲ. ಇದೂ ಹೋಯಿತು ಅಂದುಕೊಂಡು ಹಿತ್ತಲಿಗೆ ನಡೆದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಗಳು, ಹುಡುಗ. ಬೀಗರಿಗೆಂದು ಮಾಡಿದ ಕೇಸರಿಬಾತಿನ ಪಾತ್ರೆ ಇಬ್ಬರ ನಡುವೆ. ತಳ ಕಾಣುತ್ತಿತ್ತು.

"ಮಾತೆಲ್ಲ ಮುಗ್ದದ ಕಣಪ್ಪ," ಅಂದಳು ಮಗಳು. "ನೀವೆಲ್ಲ ಮನಿಕಳಿ."

ಹೋಗಿ ಮಲಗಿದೆ.

ಮುಂದಿನ ಬೆಳೆಯ ಮೂರನೇ ಜ್ವರದ ದಿನ ಮದುವೆ ಆಯಿತು.