ಮೇಷ್ಟ್ರ ಮನೆಗೆ ಹೆಣ್ಣು ನೋಡಲು

ಹೆಣ್ಣಿನ ಅಪ್ಪ ರಿಟೈರಾದ ಇಂಗ್ಲಿಷ್ ಮೇಷ್ಟ್ರು ಅನ್ನುವುದನ್ನು ಸೋದರಮಾವ ಬಸವಯ್ಯ ಬಸ್ಸು ಹೊರಟ ಮೇಲೆ ಹೇಳಿದ. ಹೊಂಗನೂರಿನ ಹಾಲಿನ ಡೇರಿ ಕಾರ್ಯದರ್ಶಿ ಲಿಂಗಯ್ಯನ ಮುಖ ಒಡೆದ ಹಾಲಿನಂತಾಯಿತು.

"ಮೊದ್ಲೇ ಯಾಕ್ ಹೇಳ್ಲಿಲ್ಲ ಮಾವ?"

"ಹೇಳಿದ್ರೆ ನೀನು ಬತ್ತಿದ್ದೇನ್ಲಾ? ದೊಡ್ಡಮಳೂರಿನ ಮುನಿಶಾಮಯ್ಯ ಮೇಷ್ಟ್ರು ಕಾಫಿ ಆದ್ಮೇಲೆ ಒಂದೇ ಪ್ರಶ್ನೆ ಕೇಳದು. ಯಾಕ್ ಬಂದಿದ್ದೀಯ ಅಂತ, ಇಂಗ್ಲಿಷ್‌ನಾಗೆ. ಹಿಂದ್ಲ ಗಂಡು ಒಂದು ಪದ ತಪ್ಪಾಗಿ ಅಂದ ಅಂತ ವಾಪಸ್ ಕಳ್ಸವ್ರೆ."

ಮೇಷ್ಟ್ರ ಹೆಸರು ಕೇಳಿ ಕಂಡಕ್ಟರ್ ಕೃಷ್ಣಪ್ಪ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ.

ಲಿಂಗಯ್ಯನನ್ನು ಕನಕಪುರದವರೂ ಮಾಗಡಿಯವರೂ ಆಗಲೇ ಬೇಡ ಅಂದಿದ್ದರು. ಅಣ್ಣನದಾಗದೆ ತನ್ನ ಮದುವೆ ನಿಂತಿದೆ ಎಂದು ಅವನ ತಮ್ಮ ಮಾತು ಬಿಟ್ಟಿದ್ದ. ಇವತ್ತು ಒಪ್ಪಿಸಿಕೊಳ್ಳದೆ ಬಂದರೆ ಬಾಗಿಲು ತೆಗೆಯುವುದಿಲ್ಲ ಎಂದು ಅವ್ವ ಹೇಳಿಯೇ ಕಳಿಸಿದ್ದಳು.

"ಹೆಣ್ಣು ನೋಡಾಕೆ ಬಂದಿದ್ದೀನಿ, ಅಷ್ಟೇ ತಾನೆ?" ಅಂದ. ಆದರೆ ನೋಡುವುದಕ್ಕೆ ಇಂಗ್ಲಿಷಿನಲ್ಲಿ ಮೂರು ಪದ ನೆನಪಾದವು. "ಸೀ ಅನ್ಬೇಕಾ, ಲುಕ್ಕಾ, ವಾಚಾ?" ಜೋರಾಗಿ ಕೇಳಿದ್ದೇ ತಪ್ಪಾಯಿತು.

"ವಾಚ್ ಅನ್ನಿ ಸಾರ್," ಅಂದ ಕೃಷ್ಣಪ್ಪ. "ಟೀವಿ ವಾಚ್ ಮಾಡಲ್ವಾ? ಕಣ್ಮುಚ್ಕೊಂಡು ವಾಚ್ ಅನ್ನಿ."

"ವಾಚ್‌ಮನ್ ಕೆಲ್ಸ ಕೇಳಾಕೆ ಬಂದವ್ನೆ ಅನ್ಕೋತಾರೆ!" ಗೊಂಬೆ ಮಾಡುವ ಮುಕ್ತಿಯಾರ್ ಹಿಂದಿನ ಸೀಟಿನಿಂದ ಎದ್ದುಬಂದ. "ನಮ್ಮ ಅಂಗಡೀಲಿ ಫಾರಿನ್ನೋರು ಜಸ್ಟ್ ಲುಕಿಂಗ್ ಅಂತಾರೆ. ಲುಕ್ ಅನ್ನಿ."

"ಹಂಗಂದೋರು ಏನಾರ ತಕ್ಕೊಂಡವ್ರಾ?" ಕೋಳಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಚಿನ್ನಮ್ಮ ಕೇಳಿದಳು.

"ಎಲ್ಲಿ ತಕ್ಕೊತಾರಮ್ಮ! ಮುಟ್ಟಿ, ಮಡಗಿ, ಹೊಂಟೋಯ್ತಾರೆ."

"ಹಂಗಾರೆ ಹೆಣ್ಣಿನ ಮನೇಲಿ ಆ ಮಾತು ಆಡ್ಬ್ಯಾಡ ಕಣಪ್ಪಾ!"

ಬಸ್ಸಿಗೆ ಬಸ್ಸೇ ಮೂರು ಪಕ್ಷವಾಯಿತು. ಕೋಳಿಗಳೂ ಕೂಗಿದವು. ತನ್ನ ಹಾರನ್ ತನಗೇ ಕೇಳುತ್ತಿಲ್ಲ ಎಂದು ಡ್ರೈವರ್ ಗಾಡಿ ನಿಲ್ಲಿಸಿ ಬೈದ. ಚನ್ನಪಟ್ಟಣದ ಸ್ಟ್ಯಾಂಡಿನಲ್ಲಿ ಮುಕ್ತಿಯಾರ್ ಇಳಿದವನೇ, ಮೈಸೂರು ಬಸ್ಸಿಗೆ ಓಡುತ್ತಿದ್ದ ಲೆಕ್ಚರರ್ ಒಬ್ಬರನ್ನು ತೋಳು ಹಿಡಿದು ನಿಲ್ಲಿಸಿ, ಹೆಣ್ಣು ನೋಡಲು ಬಂದವನು ಮೂರರಲ್ಲಿ ಯಾವ ಪದ ಅನ್ನಬೇಕು ಎಂದು ಕೇಳಿದ.

"ಸೀ! ಐ ಹ್ಯಾವ್ ಕಮ್ ಟು ಸೀ ಯುವರ್ ಡಾಟರ್! ಈಗ ಬುಡ್ರಪ್ಪಾ ನನ್ನ!" ಅವರು ಕೂಗಿಕೊಂಡರು.

ಆ ವಾಕ್ಯವನ್ನು ಲಿಂಗಯ್ಯ ತುಂಬಿದ ಹಾಲಿನ ಕ್ಯಾನಿನಂತೆ, ತುಳುಕದ ಹಾಗೆ, ದೊಡ್ಡಮಳೂರಿನವರೆಗೂ ತಂದ. ಮೇಷ್ಟ್ರ ಮನೆಯ ಬೆಂಚಿನ ಮೇಲೆ ಕೂತು ತಲೆ ತಗ್ಗಿಸಿ, ಕಣ್ಣು ಮುಚ್ಚಿ ಗೊಣಗುತ್ತಲೇ ಇದ್ದ. ಯಾರೋ ಕೈಗೆ ಕಾಫಿ ಕೊಟ್ಟರು. ಯಾರೋ ಬಂದರು, ಕೂತರು, ಎದ್ದು ಹೋದರು. ಬಸವಯ್ಯ ಪಕ್ಕೆಗೆ ತಿವಿದ. ಮಾವ ಧೈರ್ಯ ಹೇಳುತ್ತಿದ್ದಾನೆ ಎಂದು ಲಿಂಗಯ್ಯ ಅಂದುಕೊಂಡ.

ಕೊನೆಗೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ವೈ ಹ್ಯಾವ್ ಯು ಕಮ್?"

ಲಿಂಗಯ್ಯ ಎದ್ದು ನಿಂತ. "ಐ ಹ್ಯಾವ್ ಕಮ್ ಟು ಸೀ ಯುವರ್ ಡಾಟರ್!"

ಮೇಷ್ಟ್ರ ಕಣ್ಣರಳಿತು. ಬಂದು ಕೈ ಕುಲುಕಿದರು. "ಭೇಷ್! ಸರಿಯಾಗಿ ಹೇಳಿದ ಮೊದಲ ಗಂಡು ನೀನೇ ಕಣಪ್ಪಾ. ನನಗೆ ಒಪ್ಪಿಗೆ. ನಿಂಗೆ?"

ಲಿಂಗಯ್ಯನ ಎದೆ ಉಬ್ಬಿತು. "ಸಂತೋಷ ಸಾರ್. ಹೆಣ್ಣನ್ನ ಕರೀರಿ, ಒಸಿ ನೋಡ್ಬುಡ್ತೀನಿ."

ಮೇಷ್ಟ್ರು ಹಿಡಿದ ಕೈ ಬಿಟ್ಟರು.

"ಕಾಫಿ ಕೊಟ್ಟೋಳು ಯಾರು ಅನ್ಕೊಂಡೆ?" ಮೇಷ್ಟ್ರು ಕೇಳಿದರು. "ಇಷ್ಟೊತ್ತೂ ನಿನ್ನ ಎದುರಿಗೇ ಕೂತಿದ್ಲಲ್ಲಯ್ಯಾ!"

ಅಡುಗೆಮನೆಯಿಂದ ಹುಡುಗಿಯ ದನಿ ಬಂತು. "ಇವ್ರು ಬ್ಯಾಡ ಕಣಪ್ಪಾ. ಹಿಂದೆ ವಾಚ್ ಅಂದಿದ್ರಲ್ಲ ಹೊಂಗನೂರು ಬಸ್ಸಿನ ಕಂಡಕ್ಟ್ರು, ಅವ್ರು ನನ್ನ ಮುಖಾನಾರ ನೋಡಿದ್ರು. ಅವ್ರನ್ನೇ ಕರ್ಸಿ."

ಚನ್ನಪಟ್ಟಣದ ಸ್ಟ್ಯಾಂಡಿನಲ್ಲಿ ಹೊಂಗನೂರಿನ ಬಸ್ಸು ಹೊರಡಲು ನಿಂತಿತ್ತು. ಬಸವಯ್ಯ ಮೊದಲೇ ಹತ್ತಿ ಸೀಟು ಹಿಡಿದ. ಬಾಗಿಲಲ್ಲಿ ಕೃಷ್ಣಪ್ಪ ಲಿಂಗಯ್ಯನನ್ನು ತಡೆದ. "ಏನಾಯ್ತು ಸಾರ್? ವಾಚ್ ಅಂದ್ರಾ?"

"ನೀನು ಬರ್ಬೇಕಂತೆ. ಹುಡುಗಿ ಒಪ್ಪವ್ಳೆ."

"ನನ್ನಾ!" ಕೃಷ್ಣಪ್ಪ ಕುಣಿದುಬಿಟ್ಟ. ಖುಷಿಗೆ ಉಸಿರೆಲ್ಲಾ ತುಂಬಿ ಸೀಟಿ ಊದಿದ. ಬಸ್ಸು ಹೊರಟೇ ಹೋಯಿತು.

ಲಿಂಗಯ್ಯ ಇನ್ನೂ ಹತ್ತಿರಲಿಲ್ಲ.