ನರಕ ರದ್ದಾದ ಭಾನುವಾರ

ಕೆಲವು ಹೆದರಿಕೆಗಳು ಮನುಷ್ಯನಿಗೆ ಹಳೆಯ ಚಪ್ಪಲಿಯ ಹಾಗೆ ಒಗ್ಗಿಹೋಗಿರುತ್ತವೆ. ಕಚ್ಚುತ್ತವೆ, ಆದರೆ ಬಿಟ್ಟು ನಡೆಯಲು ಬರುವುದಿಲ್ಲ. ನನ್ನ ಪಾಲಿಗೆ ಅಂಥ ಹೆದರಿಕೆ ನರಕದ್ದು. ಅರವತ್ತನಾಲ್ಕು ವರ್ಷದ ನನ್ನ ಕ್ರೈಸ್ತ ಜೀವನವನ್ನು ಅಡಿಪಾಯದವರೆಗೂ ಅಗೆದು ನೋಡಿದರೆ ತಳದಲ್ಲಿ ಸಿಗುವುದು ಸುಣ್ಣದ ಭಟ್ಟಿ. ನಮ್ಮವ್ವ ನನಗೆ ನರಕದ ಪರಿಚಯ ಮಾಡಿಸಿದ್ದು ಶಹಾಬಾದಿನ ಒಂದು ಭಟ್ಟಿಯ ಮುಂದೆ ನಿಲ್ಲಿಸಿ. "ನೋಡು, ಇದು ನಾಳೆ ಆರ್ತದ. ಅದು ಆರಂಗಿಲ್ಲ," ಎಂದಿದ್ದಳು. ನನಗಾಗ ಏಳು ವರ್ಷ, ಹಿಂದಿನ ದಿನ ಬೆಲ್ಲ ಕದ್ದಿದ್ದೆ. 'ಆರಂಗಿಲ್ಲ' ಎಂಬ ಮಾತು ಎದೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತೆಂದರೆ, ಅದಾದ ಮೇಲೆ ಬೆಲ್ಲದ ಡಬ್ಬಿಯನ್ನು ಯಾರಾದರೂ ತೆಗೆದುಕೊಡು ಎಂದರೂ ನಾನು ಅಂಗಳಕ್ಕೆ ಓಡುತ್ತಿದ್ದೆ.

ಮುಂದೆ ಸಿಕ್ಕ ನೌಕರಿಯೂ ಈ ನಂಬಿಕೆಗೆ ಒತ್ತಾಸೆಯಾಗಿ ನಿಂತಿತು. ವಾಡಿ ಜಂಕ್ಷನ್ನಿನಲ್ಲಿ ನಾನು ಮೂವತ್ತನಾಲ್ಕು ವರ್ಷ ಟಿಕೀಟು ತಪಾಸಣೆ ಮಾಡಿದವನು. ವಾಡಿಯಿಂದ ಚಿತ್ತಾಪುರ, ಸೇಡಂ, ಕುರಕುಂಟಾ ದಾಟಿ ಆಚೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ, ಮೇ ತಿಂಗಳಲ್ಲೂ ಕಪ್ಪು ಕೋಟು ಹಾಕಿಕೊಂಡು ಓಡಾಡಿದ್ದೇನೆ. ನನ್ನ ಕೋಟು ಬೋಗಿಯ ಆ ತುದಿಯಲ್ಲಿ ಕಂಡರೆ ಸಾಕು, ಈ ತುದಿಯಲ್ಲಿ ಅರ್ಧ ಜನ ಜೇಬು ತಡಕುತ್ತಿದ್ದರು, ಉಳಿದವರು ಪಾಯಖಾನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದರು. ಮನುಷ್ಯ ಸ್ವಭಾವದ ಬಗ್ಗೆ ನಾನು ಕಲಿತದ್ದೆಲ್ಲ ಆ ಬಾಗಿಲ ಹೊರಗೆ ಕಾಯುತ್ತ ನಿಂತು ಕಲಿತದ್ದು. ತಪಾಸಣೆ ಇಲ್ಲದಿದ್ದರೆ ಯಾರೂ ಟಿಕೀಟು ಕೊಳ್ಳುವುದಿಲ್ಲ, ನರಕವಿಲ್ಲದಿದ್ದರೆ ಯಾರೂ ಚರ್ಚಿಗೆ ಬರುವುದಿಲ್ಲ. ಇದು ನನ್ನ ಸಿದ್ಧಾಂತವಾಗಿತ್ತು. ಜನ ನನ್ನನ್ನು ಭಾಳ ಪ್ರಾಮಾಣಿಕ ಮನುಷ್ಯ ಎನ್ನುತ್ತಿದ್ದರು. ಬೀಡಿ ಇಲ್ಲ, ಸೇಂದಿ ಇಲ್ಲ, ಪ್ರಯಾಣಿಕರ ಕೈಯಿಂದ ಒಂದು ಕಪ್ ಚಹಾ ಸಹ ಇಲ್ಲ. ಅದರ ಹಿಂದಿದ್ದ ಭಟ್ಟಿಯ ವಿಷಯ ನಾನು ಯಾರಿಗೂ ಹೇಳಲಿಲ್ಲ.

ಇದಕ್ಕೆ ತದ್ವಿರುದ್ಧವಾಗಿ ಬಾಳಿದವನು ನನ್ನ ಅಣ್ಣ ಮನೋಹರ. ಶಹಾಬಾದಿನಲ್ಲಿ ಫರಸಿ ಕಲ್ಲಿನ ಗಣಿಯಲ್ಲಿ ಕೆಲಸ. ಸಂಜೆಯಾದರೆ ಸೇಂದಿ, ಸೇಂದಿಯಾದರೆ ಹಾಡು. ಚರ್ಚಿಗೆ ವರ್ಷಕ್ಕೊಮ್ಮೆ ಕ್ರಿಸ್‌ಮಸ್ಸಿಗೆ ಬರುತ್ತಿದ್ದ, ಅದೂ ಪ್ರಸಂಗ ಮುಗಿದು ಬಿರಿಯಾನಿ ಬಡಿಸುವ ಹೊತ್ತಿಗೆ. ಎಲ್ಲರಿಗೂ ಬಡಿಸಿ, ಕೊನೆಗೆ ತಳದಲ್ಲಿ ಉಳಿದದ್ದನ್ನು ತಿಂದು, ಡಪ್ಪು ಬಾರಿಸಿ ಹೋಗುತ್ತಿದ್ದ. ಇಪ್ಪತ್ತು ವರ್ಷದ ಹಿಂದೆ ಕಾಮಾಲೆಯಾಗಿ ಮಲಗಿದ. ನಾನು ಮಂಚದ ಪಕ್ಕ ಕೂತು, "ಅಣ್ಣಾ, ಈಗರೆ ಪಶ್ಚಾತ್ತಾಪ ಪಡು," ಎಂದು ಕೈ ಹಿಡಿದುಕೊಂಡೆ. ಅವನು ಹಳದಿ ಕಣ್ಣು ತೆರೆದು, "ತಮ್ಮಾ, ಇಲ್ಲೂ ಟಿಕೀಟು ಕೇಳಾಕತ್ತಿಯೇನು? ಮದಲ ಉಂಡಿಯೋ ಇಲ್ಲೋ ಹೇಳು," ಎಂದ. ಮರುದಿನ ತೀರಿಕೊಂಡ. ಮಣ್ಣು ಮಾಡಿ ಬಂದ ಮೇಲೆ ಅತ್ತಿಗೆ ಶಾಂತಮ್ಮ ನನ್ನನ್ನು ಕೇಳಿದರು, "ಸಾಮುವೇಲಪ್ಪಾ, ಅವರು ಎಲ್ಲಿ ಹೋಗಿರ್ತಾರ?" ಮನೆತನದಲ್ಲಿ ಧರ್ಮದ ವಿಷಯ ಬಂದರೆ ನನ್ನ ಮಾತೇ ಕೊನೆಯದು. ನಾನು ಹೇಳಿದೆ, "ಪಶ್ಚಾತ್ತಾಪ ಪಡಲಿಲ್ಲಲ್ಲ ಅತ್ತಿಗಿ. ನಾ ಏನಂತ ಹೇಳಲಿ?" ಹೇಳದೆಯೇ ಹೇಳಿಬಿಟ್ಟಿದ್ದೆ.

ಅಂದಿನಿಂದ ಅತ್ತಿಗೆ ಪ್ರತಿ ಭಾನುವಾರ ಶಹಾಬಾದಿನಿಂದ ಟಂಟಂ ಆಟೋ ಹತ್ತಿ ನಮ್ಮ ವಾಡಿಯ ಚರ್ಚಿಗೆ ಬರತೊಡಗಿದರು. ನಮ್ಮಲ್ಲಿ ಪ್ರಸಂಗಕ್ಕೆ ಮುಂಚೆ ಪ್ರಾರ್ಥನಾ ವಿನಂತಿ ಎಂದು ಒಂದು ಹೊತ್ತು ಇದೆ. ಯಾರಿಗೆ ಏನು ಕಷ್ಟವಿದೆಯೋ ಎದ್ದು ನಿಂತು ಎಲ್ಲರೆದುರು ಹೇಳಬೇಕು. ಮೊಣಕಾಲು ನೋವು, ಮಗಳ ಮದುವೆ, ಬೋರ್‌ವೆಲ್ಲಿನ ಮೋಟಾರು, ಎಲ್ಲವೂ ಬರುತ್ತವೆ. ಅತ್ತಿಗೆ ಕೊನೆಯ ಬೆಂಚಿನಿಂದ ಎದ್ದು ಪ್ರತಿವಾರವೂ ಒಂದೇ ಮಾತು ಹೇಳುತ್ತಿದ್ದರು. "ನಮ್ಮವರಿಗಿ ಭಾಳ ಧಗಿ ಆಗಾಕತ್ತಿರಬೇಕು. ಒಂದು ತಂಬಿಗಿ ನೀರು ಕೊಡು ಸ್ವಾಮಿ." ಸತ್ತವರಿಗಾಗಿ ಪ್ರಾರ್ಥನೆ ಮಾಡುವ ಪದ್ಧತಿ ನಮ್ಮ ಸಭೆಯಲ್ಲಿಲ್ಲ. ನಾನು ಸಭೆಯ ಹಿರಿಯ, ಮೇಲಾಗಿ ಮೈದುನ. ಎಷ್ಟೋ ಸಲ ಕಿವಿಯಲ್ಲಿ ಹೇಳಿದೆ, "ಅತ್ತಿಗಿ, ಅದು ನಿಯಮಕ್ಕ ಬರಾಬರ್ ಅಲ್ಲ." ಅವರು ತಲೆ ಆಡಿಸಿ, ಮುಂದಿನ ವಾರ ಮತ್ತೆ ಎದ್ದು ನಿಲ್ಲುತ್ತಿದ್ದರು. ಬೇಸಿಗೆಯಲ್ಲಿ ಮಾತ್ರ ಎರಡು ತಂಬಿಗೆ ಕೇಳುತ್ತಿದ್ದರು.

ಹಿಂದಿನ ಸಭಾಪಾಲಕರಿದ್ದಷ್ಟು ದಿನ ಇದೆಲ್ಲ ಒಂದು ರೀತಿ ಸರಿದೂಗುತ್ತಿತ್ತು. ಅವರು ತಂಪು ನಾಡಿನವರು, ನರಕವನ್ನು ಬಹಳ ಚೆನ್ನಾಗಿ ವರ್ಣಿಸುತ್ತಿದ್ದರು. ಒಮ್ಮೆ ಮೇ ತಿಂಗಳಲ್ಲಿ, ಕರೆಂಟು ಹೋದಾಗ, ತಗಡಿನ ಮಾಡಿನ ಕೆಳಗೆ ಬೆಂಕಿಯ ಸರೋವರದ ಬಗ್ಗೆ ಮುಕ್ಕಾಲು ತಾಸು ಮಾತಾಡಿದರು. ಗಣಿಯಲ್ಲಿ ದುಡಿದ ಯೇಸುದಾಸಪ್ಪ ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತ, "ಪಾಸ್ಟರ್ ಸಾಹೇಬ್ರು ಹೇಳೋದು ಖರೇನೇ ಅದ, ಆದ್ರ ನಮ್ಮ ಕಡಿಯವ್ರಿಗಿ ಇದು ಅಷ್ಟು ಹೊಸಾದಲ್ಲ," ಎಂದರು. ಆದರೂ ಚರ್ಚು ತುಂಬುತ್ತಿತ್ತು. ನನ್ನ ಸಿದ್ಧಾಂತಕ್ಕೆ ಯಾವ ಧಕ್ಕೆಯೂ ಇರಲಿಲ್ಲ.

ಈ ವರ್ಷ ಹೊಸ ಸಭಾಪಾಲಕರು ಬಂದರು. ಚಿಮ್ಮನಚೋಡದ ಕಡೆಯ ಹುಡುಗ, ಮೂವತ್ತು ದಾಟಿರಲಾರದು. ಮೂರನೆಯ ಭಾನುವಾರ, ಯಾವ ಮುನ್ಸೂಚನೆಯೂ ಇಲ್ಲದೆ, ಬಹಳ ಮೆಲ್ಲಗೆ ಹೀಗೆಂದರು: "ದೇವರು ತನ್ನ ಮಕ್ಕಳನ್ನು ಕೊನೆಯೇ ಇಲ್ಲದಂತೆ ಸುಡುತ್ತ ಕೂರುತ್ತಾನೆಂದು ನಾನು ನಂಬುವುದಿಲ್ಲ. ಈ ವೇದಿಕೆಯಿಂದ ನಾನು ಯಾರನ್ನೂ ಆ ಬೆಂಕಿ ತೋರಿಸಿ ಹೆದರಿಸುವುದಿಲ್ಲ. ಪ್ರೀತಿಸುವವನ ಬಳಿಗೆ ಪ್ರೀತಿಯಿಂದಲೇ ಬನ್ನಿ." ಪ್ಲಾಟ್‌ಫಾರ್ಮಿನಲ್ಲಿ ಗಾಡಿ ರದ್ದಾಗಿದೆ ಎಂದು ಹೇಳಿದಾಗ ಜನ ಒಬ್ಬರ ಮುಖ ಒಬ್ಬರು ನೋಡುತ್ತಾರಲ್ಲ, ಹಾಗೆ ನಾವೆಲ್ಲ ನೋಡಿಕೊಂಡೆವು. ಯೇಸುದಾಸಪ್ಪನ ಮುಖದಲ್ಲಿ ಮಾತ್ರ, ಹತ್ತು ವರ್ಷ ಮೊದಲೇ ಹೇಳಬಾರದಿತ್ತೇ ಎಂಬ ಕಳೆ ಇತ್ತು. ಪಕ್ಕದಲ್ಲಿ ನನ್ನ ಹೆಂಡತಿ ಸುಲೋಚನಾ ಮುಂದಿನ ಹಾಡಿನ ಪುಟ ಹುಡುಕುತ್ತಿದ್ದಳು. ಅವಳಿಗೆ ನರಕ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ನನಗೆ ಮಾತ್ರ ಮೈಯೆಲ್ಲ ಉರಿಯಿತು. ಎಲ್ಲರಿಗೂ ಹಗುರವಾಗಬೇಕಾದ ಸುದ್ದಿ ನನಗೆ ಅನ್ಯಾಯವಾಗಿ ಕಂಡಿತು. ಆರು ದಶಕ ನಾನು ಸುಮ್ಮನೆ ಹೆದರಿದೆನೇ? ಸೇಡಂ ಸ್ಟೇಷನ್ನಿನ ಹೊರಗೆ ಗೆಳೆಯರೆಲ್ಲ ಸೇಂದಿಯ ಮಡಕೆಯ ಸುತ್ತ ಕೂತಾಗ ನಾನೊಬ್ಬ ಸೋಡಾ ಹಿಡಿದು ನಿಂತದ್ದು ಯಾವ ಸುಖಕ್ಕೆ? ನಾನು ಟಿಕೀಟು ತೆಗೆಸಿ ಇಡೀ ದಾರಿ ಒಂಟಿಕಾಲಿನಲ್ಲಿ ನಿಂತು ಬಂದೆ. ಮನೋಹರಣ್ಣ ಟಿಕೀಟಿಲ್ಲದೆ ಕಿಟಕಿಯ ಪಕ್ಕ ಕೂತು, ಗಾಳಿ ಕುಡಿಯುತ್ತ, ಹಾಡು ಹೇಳುತ್ತ ಬಂದ. ಇಬ್ಬರೂ ಒಂದೇ ಸ್ಟೇಷನ್ನಿನಲ್ಲಿ ಇಳಿಯುವುದಾದರೆ ತಪಾಸಣೆಯವನು ಇದ್ದೇನು ಪ್ರಯೋಜನ?

ಆ ವಾರ ಸಭಾಪಾಲಕರನ್ನು ಚಹಾಕ್ಕೆ ಕರೆದೆ. "ಕುಂದ್ರಿ," ಎಂದು ಕೂರಿಸಿ, ಬಿಸ್ಕೀಟಿನ ತಟ್ಟೆ ಮುಂದಿಡುವ ಮೊದಲೇ ಪ್ರಶ್ನೆ ಇಟ್ಟೆ. "ಹೆದರಿಕಿ ತಗದ್ರ ಚರ್ಚಿಗಿ ಯಾರ್ ಬರ್ತಾರ್ರೀ? ತಪಾಸಣಿ ಇಲ್ಲಂದ್ರ ಟಿಕೀಟು ಯಾರ್ ತಗೋತಾರ?"

ಅವರು ನಕ್ಕರು. "ನೀವು ಈಗ ಗಾಡ್ಯಾಗ ಹೋದ್ರ ಟಿಕೀಟು ತಗೋತೀರೇನ್ರಿ?"

"ನನಗ ರೈಲ್ವೇದ ಪಾಸ್ ಅದ."

"ನಾ ಹೇಳಾಕತ್ತಿದ್ದೂ ಅದೇರಿ. ನಮಗೆಲ್ಲಾರಿಗೂ ಪಾಸ್ ಕೊಟ್ಟಾನಂತ."

"ನನಗ ಖಾಲಿಪೀಲಿ ಕೊಟ್ಟಿಲ್ಲ, ಮೂವತ್ನಾಕು ವರ್ಷ ಡ್ಯೂಟಿ ಮಾಡೀನಿ."

"ಬರಾಬರ್. ಆದ್ರ ಆ ಪಾಸಿನಾಗ ಅಮ್ಮನೋರ ಹೆಸರೂ ಅದಲ್ಲ? ಅವರು ಏನು ಡ್ಯೂಟಿ ಮಾಡ್ಯಾರ?"

ಒಳಗಿನಿಂದ ಸುಲೋಚನಾಳ ದನಿ ಬಂತು. "ಚಹಾ ಸೋಸೋದು ಬಿಟ್ಟು ಹೊರಗ ಬಂದು ಹೇಳ್ಲೇನ್ರಿ, ಏನೇನು ಡ್ಯೂಟಿ ಮಾಡೀನಂತ?" ಅಲ್ಲಿಗೆ ಧರ್ಮಶಾಸ್ತ್ರದ ಚರ್ಚೆ ಮುಗಿಯಿತು. ಸಭಾಪಾಲಕರು ಚಹಾ ಕುಡಿದು, ನನಗಾಗಿ ಒಂದು ಸಣ್ಣ ಪ್ರಾರ್ಥನೆ ಮಾಡಿ ಹೋದರು. ನನ್ನ ಸಿಟ್ಟು ಮಾತ್ರ ಹೋಗಲಿಲ್ಲ.

ನಾನು ಒಂದು ಪರೀಕ್ಷೆ ಮಾಡಿ ನೋಡುವುದೆಂದು ತೀರ್ಮಾನಿಸಿದೆ. ನರಕ ಇಲ್ಲವೆಂದರೆ ಇಲ್ಲ. ಭಾನುವಾರ ಮನೆಯಲ್ಲೇ ಇರುತ್ತೇನೆ, ಏನಾಗುತ್ತದೋ ಆಗಲಿ. ಸುಲೋಚನಾ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. "ನೀ ಯಾಕ ಹೋಗಾಕತ್ತಿ? ಇನ್ನ ಯಾರ್ ಹೆದರಿಕಿ ಅದ ನಿನಗ?" ಎಂದು ಕೇಳಿದೆ. "ನಾ ಹಾಡಾಕ ಹೋಗ್ತೀನಿ. ಮನ್ಯಾಗ ಹಾಡಿದ್ರ ನೀವು ಟೀವಿ ದನಿ ಏರಸ್ತೀರಿ. ಅಲ್ಲಿ ದೇವರು ಕುಂತು ಕೇಳ್ತಾನ," ಎಂದು ಚಪ್ಪಲಿ ಮೆಟ್ಟಿ ಹೋದಳು. ನಲವತ್ತು ವರ್ಷ ಪಕ್ಕದಲ್ಲಿ ಕೂತರೂ ಈ ಕಾರಣ ನನಗೆ ಗೊತ್ತಿರಲಿಲ್ಲ. ಚರ್ಚಿನ ಗಂಟೆ ಬಾರಿಸಿದಾಗ ನನ್ನ ಕಾಲು ತಾನಾಗಿಯೇ ಎದ್ದು ನಿಂತಿತು, ಕೂರಿಸಿದೆ. ಪೇಪರನ್ನು ಎರಡು ಸಲ ಓದಿದೆ. ಕೊನೆಗೆ ಅಡುಗೆಮನೆಗೆ ಹೋಗಿ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡೆ. ನಮ್ಮ ಮನೆಯದೇ ಬೆಲ್ಲ, ಆದ್ದರಿಂದ ಅದರಲ್ಲಿ ಪಾಪದ ರುಚಿಯೇನೂ ಇರಲಿಲ್ಲ.

ಮಧ್ಯಾಹ್ನ ಸುಲೋಚನಾಳ ಜೊತೆ ಅತ್ತಿಗೆಯೂ ಬಂದರು. ಭಾನುವಾರದ ಊಟ ಅವರದು ಯಾವಾಗಲೂ ನಮ್ಮಲ್ಲೇ. ಆ ದಿನ ಕಾಲು ತೊಳೆಯದೆ ನೇರವಾಗಿ ನನ್ನ ಮುಂದೆ ಬಂದು ಕೂತರು. ಎರಡು ವಾರ ಮೊಣಕಾಲು ನೋವಿನಿಂದ ಅವರು ಚರ್ಚಿಗೆ ಬಂದಿರಲಿಲ್ಲ, ಸಭಾಪಾಲಕರ ಮಾತು ಅವರ ಕಿವಿಗೆ ಬಿದ್ದದ್ದು ಅಂದೇ.

"ಸಾಮುವೇಲಪ್ಪಾ, ಪಾಸ್ಟರು ಅನ್ನೋದು ಖರೇ ಏನು? ಅವರು ಅಲ್ಲಿ ಇಲ್ಲೇನು?"

ಇಪ್ಪತ್ತು ವರ್ಷದ ಹಿಂದೆ ಕೇಳಿದ ಪ್ರಶ್ನೆಯೇ ಅದು, ಕೇಳಿದ್ದೂ ನನ್ನನ್ನೇ. ಸಭಾಪಾಲಕರು ಹೇಳಿಯಾಗಿದ್ದರೂ ಅವರಿಗೆ ನನ್ನ ಬಾಯಿಂದಲೇ ಕೇಳಬೇಕಾಗಿತ್ತು, ಏಕೆಂದರೆ ಅಣ್ಣನನ್ನು ಅಲ್ಲಿಗೆ ಕಳಿಸಿದ್ದು ನನ್ನ ಬಾಯಿ. ನಾನು ಗಂಟಲು ಸರಿಮಾಡಿಕೊಂಡು, "ಈ ವಿಷಯದಾಗ ಇನ್ನಾ ಪೂರ್ತಿ ನಿರ್ಣಯ ಆಗಿಲ್ಲ ಅತ್ತಿಗಿ. ಎರಡೂ ಕಡಿ ದೊಡ್ಡ ದೊಡ್ಡ ವಿದ್ವಾಂಸರು..." ಎಂದು ಶುರುಮಾಡಿದೆ.

ಸುಲೋಚನಾ ತಟ್ಟೆ ಇಡುತ್ತ ನನ್ನ ಮಾತು ತಡೆದಳು. "ಅಕ್ಕಾ, ಅವರನ್ನ ಏನ್ ಕೇಳ್ತಿ? ಭಾವ ಆರಾಮ ಅದಾರಂತ ಕೇಳಿ ಅವತ್ತಿನಿಂದ ಮಾರಿ ಗಂಟು ಹಾಕ್ಕೊಂಡು ಕುಂತಾರ. ಅದಕ್ಕೇ ಇವತ್ತು ಚರ್ಚಿಗೂ ಬಂದಿಲ್ಲ."

ಅವಳು ಹೇಳಿದ್ದು ತಮಾಷೆಗೆ, ಆದರೆ ಅಕ್ಷರಶಃ ನಿಜವಾಗಿತ್ತು. ಒಡಹುಟ್ಟಿದ ಅಣ್ಣ ಸುಡುತ್ತಿಲ್ಲ ಎಂಬ ಸುದ್ದಿ ಬಂದು ಒಂದು ವಾರವಾಗಿತ್ತು, ಒಂದು ಸಲವೂ ನನಗೆ ಸಂತೋಷವಾಗಿರಲಿಲ್ಲ. ನನ್ನ ಸೋಡಾ ವ್ಯರ್ಥವಾಯಿತೆಂದು ಕೊರಗುತ್ತ ಕೂತಿದ್ದೆ. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಎಂದೂ ಆಗಿರಲಿಲ್ಲ. "ಇಲ್ಲ ಅತ್ತಿಗಿ," ಎಂದೆ. "ಅಣ್ಣ ಅಲ್ಲಿ ಇಲ್ಲ. ಅವತ್ತು ನಾ ಹಂಗ ಅನ್ನಬಾರದಿತ್ತು. ನನಗ ಗೊತ್ತಿರಲಿಲ್ಲ, ಗೊತ್ತಿದ್ದವರಂಗ ಅಂದೆ. ತಪ್ಪಾತು."

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ತಟ್ಟೆ ಹತ್ತಿರ ಎಳೆದುಕೊಂಡು, ಅನ್ನಕ್ಕೆ ಬ್ಯಾಳಿ ಕಲೆಸುತ್ತ, ಸಿಟ್ಟಿಲ್ಲದೆ ಹೇಳಿದರು, "ಅಂದ್ರ ಇಪ್ಪತ್ತು ವರ್ಷ ಅವರನ್ನ ಬೆಂಕ್ಯಾಗ ಇಟ್ಟಾಂವ ದೇವರಲ್ಲ. ನೀನೇ."

ನಾನು ನನ್ನ ತಟ್ಟೆಯ ಅನ್ನವನ್ನು ಒಂದು ಬದಿಗೆ ಸರಿಸಿದೆ. ಆಮೇಲೆ, ಸೋತರೂ ಬಿಡದ ನನ್ನ ಸಿದ್ಧಾಂತದ ಕೊನೆಯ ಆಸೆಯಿಂದ ಕೇಳಿದೆ, "ಹಂಗಾದ್ರ ಇನ್ನ ನೀವು ಚರ್ಚಿಗಿ ಬರೋದು ಬಿಡ್ತೀರೇನು ಅತ್ತಿಗಿ?"

"ಯಾಕ ಬಿಡ್ಲಿ? ನನಗ ಯಾವಾಗ ಹೆದರಿಕಿ ಇತ್ತು? ಇಷ್ಟು ದಿನ ಅವರ ಸಲುವಾಗಿ ಕೇಳ್ಕೊಳ್ಳಾಕ ಬರ್ತಿದ್ದೆ. ಅವರದು ಮುಗೀತು. ಇನ್ನ ಬೇರೆಯವರದು ನೋಡ್ಬೇಕು," ಎಂದರು. ಆ ಬೇರೆಯವರು ಯಾರು ಎಂದು ಕೇಳುವ ಬುದ್ಧಿ ನನಗಾಗ ಹೊಳೆಯಲಿಲ್ಲ.

ಮುಂದಿನ ಭಾನುವಾರ ನಾನು ಗಂಟೆ ಬಾರಿಸುವ ಮೊದಲೇ ಚರ್ಚಿನಲ್ಲಿದ್ದೆ. ಪ್ರಾರ್ಥನಾ ವಿನಂತಿಯ ಹೊತ್ತು ಬಂತು. ಕೊನೆಯ ಬೆಂಚಿನಿಂದ ಅತ್ತಿಗೆ ಎದ್ದರು. ಅವರ ವಿನಂತಿ ಎಲ್ಲರಿಗೂ ಬಾಯಿಪಾಠ, ಯಾರೂ ಹಿಂತಿರುಗಿ ನೋಡಲಿಲ್ಲ. "ನಮ್ಮ ಮೈದುನ ಸಾಮುವೇಲಪ್ಪಗ," ಎಂದು ಅವರು ಶುರುಮಾಡಿದರು, ಇಡೀ ಸಭೆ ತಿರುಗಿತು. "ಅವರಣ್ಣ ಆರಾಮ ಅದಾರಂತ ಕೇಳಿ ಭಾಳ ಸಂಕಟ ಆಗ್ಯಾದ. ಆ ಸಂಕಟ ಜಲ್ದಿ ತಗದು ಹಾಕು ಸ್ವಾಮಿ." ಸಭಾಪಾಲಕರು ವೇದಿಕೆಯ ಮೇಲೆ ತಲೆ ತಗ್ಗಿಸಿಕೊಂಡರು, ಭಕ್ತಿಯಿಂದಲೋ ನಗು ತಡೆಯಲಿಕ್ಕೋ ತಿಳಿಯಲಿಲ್ಲ. ಸಭೆಯೆಲ್ಲ ಆಮೆನ್ ಎಂದಿತು, ಸುಲೋಚನಾಳದು ಎಲ್ಲರಿಗಿಂತ ಜೋರು. ನಾನೂ ಆಮೆನ್ ಎಂದೆ. ಪ್ರೀತಿಯಿಂದ ಎಂದೆ ಎಂದು ಬರೆಯಬೇಕೆಂದು ಆಸೆಯಿದೆ. ಆದರೆ ಎನ್ನದಿದ್ದರೆ ಅತ್ತಿಗೆ ಬರುವ ವಾರವೂ ಎದ್ದು ನಿಲ್ಲುತ್ತಾರಲ್ಲ ಎಂಬ ಹೆದರಿಕೆಯಿಂದ ಎಂದೆ.